ಕೊನೆಯ ಪದ ನಿಮ್ಮದು

ಮನೆ, ಹಿಂದಿನ ಕೋಣೆ
ನವೆಂಬರ್ ೯, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕಳೆದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ, ಕಡಿಮೆಯಾಯಿತೇ? ಬೆಳಗಾಗುತ್ತಲೇ ಎದ್ದು ನಾಯಿಗೂಡುಗಳನ್ನು ತಣ್ಣೀರಿನಲ್ಲಿ ತೊಳೆಯುವವಳಿಗೆ ಕೆಮ್ಮು ಬರದೆ ಇನ್ನೇನು ಬರುತ್ತದೆ. ರಬ್ಬರ್ ಬೂಟು ಕೊಟ್ಟಿದ್ದಾರೆ ಎಂದಿದ್ದೆ, ಅದರೊಳಗೆ ಉಣ್ಣೆಯ ಕಾಲುಚೀಲ ಹಾಕಿಕೋ. ಒಂದು ಜೊತೆ ಹೆಣೆದು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಎಡಗಾಲಿನದು ಸ್ವಲ್ಪ ದೊಡ್ಡದಾಗಿದೆ, ಬೈಯಬೇಡ. ಹೆಣೆಯುವಾಗ ಕೈ ಇಲ್ಲಿತ್ತು, ಮನಸ್ಸು ಇರಲಿಲ್ಲ. ಊಟ ಹೊತ್ತಿಗೆ ಸರಿಯಾಗಿ ಮಾಡು. ನಾಯಿಗಳಿಗೆ ಅಳೆದು ತೂಗಿ ಹಾಕಿ, ನೀನು ನಿಂತುಕೊಂಡೇ ಏನೋ ಒಂದು ಬಾಯಿಗೆ ಹಾಕಿಕೊಳ್ಳುವುದು ನನಗೆ ಗೊತ್ತಿಲ್ಲವೆಂದುಕೊಳ್ಳಬೇಡ. ಹೆತ್ತವಳ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪನ ಮಾತು ಎತ್ತಿದ ತಕ್ಷಣ ನೀನು, ‘ಅಮ್ಮಾ, ಇಲ್ಲಿ ನಾಯಿಗಳಿಗೆ ಊಟದ ಹೊತ್ತು, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತೀಯ. ನಿಮ್ಮ ಕೇಂದ್ರದ ನಾಯಿಗಳು ದಿನಕ್ಕೆ ಅದೆಷ್ಟು ಸಲ ಊಟ ಮಾಡುತ್ತವೆಯೋ ನಾ ಕಾಣೆ. ಕಾಗದಕ್ಕೆ ಆ ನೆಪ ನಡೆಯುವುದಿಲ್ಲ. ಬೇಕಾದರೆ ಮಡಚಿ ಜೇಬಿನಲ್ಲಿಟ್ಟುಕೋ, ನಾಯಿಗಳ ಊಟ ಮುಗಿಸಿಯೇ ಓದು. ಆದರೆ ಪೂರ್ತಿ ಓದು.

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಷಿನ್ ತುಳಿದು ತುಳಿದು ಮುಷ್ಕರ ಹೂಡಿದೆ. ನೀನು ಬಿಟ್ಟುಹೋದ ನಾಯಿಯೂ ಚೆನ್ನಾಗಿದೆ. ಅದಕ್ಕೆ ನಿಮ್ಮ ಕೇಂದ್ರದವರು ಇಟ್ಟ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ, ನಾನು ಕರೆಯುವುದು ಫೇಲು ಎಂದೇ. ಕಣ್ಣು ಕಾಣದವರನ್ನು ನಡೆಸಿಕೊಂಡು ಹೋಗುವ ಪರೀಕ್ಷೆಯಲ್ಲಿ ನಾಪಾಸಾದದ್ದು, ಪಾರಿವಾಳ ಕಂಡರೆ ಲೋಕ ಮರೆಯುತ್ತದೆ ಎಂದು ನೀನೇ ಹೇಳಿದೆಯಲ್ಲ. ನಮ್ಮ ಮನೆಗೆ ಫೇಲಾದವರು ಬರುವುದು ಹೊಸದೇನಲ್ಲ. ಬಾಲ ಇದ್ದದ್ದು ಬಂದದ್ದು ಇದೇ ಮೊದಲು, ಅಷ್ಟೆ. ಹೊಸ್ತಿಲ ಮೇಲೆ ಅಡ್ಡ ಮಲಗುತ್ತದೆ, ಒಳಗೂ ಇಲ್ಲ ಹೊರಗೂ ಇಲ್ಲ. ಎಬ್ಬಿಸಿದರೆ ನನ್ನನ್ನೇ ತಪ್ಪಿತಸ್ಥಳ ಹಾಗೆ ನೋಡುತ್ತದೆ.

ಇನ್ನು ನಿಮ್ಮಪ್ಪ. ಬಲಗಾಲು ಎಳೆದುಕೊಂಡು ನಡೆಯುತ್ತಾರೆ. ಬಲಗೈ ಇನ್ನೂ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿರುತ್ತದೆ. ಮಾತು ಬಂದಿಲ್ಲ. ಬಂದಿಲ್ಲ ಎಂದರೂ ತಪ್ಪಾಗುತ್ತದೆ, ಬಂದಿದೆ ಎಂದರೂ ತಪ್ಪಾಗುತ್ತದೆ. ಅದನ್ನು ಸರಿಯಾಗಿ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು. ನಿನಗೆ ಗೊತ್ತಿರುವುದೇ ಬಹಳ ಇದೆ. ಆದರೂ ಗೋಡೆಯ ಈಚೆ ಕೂತವಳಿಗೆ ಅದು ಹೇಗೆ ಕಂಡಿತು ಎನ್ನುವುದು ನಿನಗೆ ಗೊತ್ತಿಲ್ಲ.

ಗೋಡೆ ಎಂದೆ, ಅದು ಗೋಡೆಯಲ್ಲ, ಮರದ ಹಲಗೆ. ಈಚೆ ನನ್ನ ಹೊಲಿಗೆ ಮೆಷಿನ್ನು, ಆಚೆ ಅವರ ಟ್ಯೂಷನ್ನು. ಶಾಲೆಯಿಂದ ಬಂದು ಮುಖ ತೊಳೆದು ಚಹಾ ಕುಡಿದು ಅವರು ಕುರ್ಚಿಯಲ್ಲಿ ಕೂತರೆ, ಬೆಂಚಿನ ತುಂಬ ಇಂಗ್ಲಿಷಿನಲ್ಲಿ ಫೇಲಾದ ಮಕ್ಕಳು. ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತ, ಯಾರದೋ ಕೋಟಿನ ಜಿಪ್ಪು ಬದಲಿಸುತ್ತ ಮೂವತ್ತು ವರ್ಷ ಆ ಪಾಠ ಕೇಳಿದ್ದೇನೆ. ಅರ್ಥ ನನಗೆ ಒಂದಕ್ಷರವೂ ಆಗುತ್ತಿರಲಿಲ್ಲ, ಕೇಳಬೇಕೆಂದೂ ಅನಿಸುತ್ತಿರಲಿಲ್ಲ. ಆದರೆ ರಾಗ ಬಾಯಿಪಾಠವಾಗಿತ್ತು. ಅವರ ಕ್ರಮ ಗೊತ್ತಲ್ಲ: ವಾಕ್ಯದ ಕೊನೆಯ ಪದವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಾವು ಹೇಳುವುದು, ತೋರುಬೆರಳು ಎತ್ತಿ ನಿಲ್ಲುವುದು. ಮಕ್ಕಳು ಆ ಪದ ಕೂಗಬೇಕು. ಕೂಗುವವರೆಗೆ ಬೆರಳು ಇಳಿಯದು. ‘ಉಳಿದಿದ್ದೆಲ್ಲ ನಂದು, ಕೊನೇ ಪದ ನಿಮ್ಮದು’ ಎಂದು ಹೊಸದಾಗಿ ಬಂದವರಿಗೆ ಮೊದಲ ದಿನವೇ ಹೇಳುತ್ತಿದ್ದರು. ಎಂಥ ದಡ್ಡನೂ ಒಂದು ಪದ ಕೂಗಬಲ್ಲ, ಕೂಗಿದವನಿಗೆ ಇಡೀ ವಾಕ್ಯ ತಾನೇ ಹೇಳಿದಂತೆ ಅನಿಸುತ್ತದೆ, ಅಲ್ಲಿಂದ ಕಲಿಕೆ ಶುರು ಎನ್ನುವುದು ಅವರ ನಂಬಿಕೆ.

ಇಂಗ್ಲಿಷ್ ನುಡಿಗಟ್ಟುಗಳನ್ನು ಪ್ರಾಣಿಗಳ ಲೆಕ್ಕದಲ್ಲಿ ಕಲಿಸುತ್ತಿದ್ದರು. ಒಂದು ವಾರ ಬೆಕ್ಕು, ಒಂದು ವಾರ ನಾಯಿ, ಆಮೇಲೆ ಕುದುರೆ. ಮಕ್ಕಳಿಗೆ ನಾಯಿಯ ವಾರವೆಂದರೆ ಹಬ್ಬ, ಹಲಗೆ ಅದುರುವ ಹಾಗೆ ಕೂಗುತ್ತಿದ್ದರು. ತಮಾಷೆ ನೋಡು, ಬೀದಿನಾಯಿ ಮೆಟ್ಟಿಲು ಹತ್ತಿದರೆ ಕೊಡೆ ಹಿಡಿದು ಓಡಿಸುವ ಮನುಷ್ಯ, ಅದೇ ನಾಯಿಯ ಮೇಲೆ ಒಂದು ವಾರ ಪಾಠ ಮಾಡುತ್ತಿದ್ದರು. ನೀನು ಚಿಕ್ಕವಳಿದ್ದಾಗ ಒಂದು ಮರಿ ತಂದು ನನ್ನ ಬಟ್ಟೆಯ ಬುಟ್ಟಿಯಲ್ಲಿ ಬಚ್ಚಿಟ್ಟದ್ದು, ಅದು ಯಾರದೋ ಮದುವೆಯ ಕೋಟಿನ ಮೇಲೆ ಮಾಡಬಾರದ್ದು ಮಾಡಿದ್ದು, ಅದನ್ನು ಮರಳಿ ಬಿಟ್ಟುಬರುವಾಗ ದಾರಿಯುದ್ದಕ್ಕೂ ನೀನು ಅತ್ತದ್ದು ನನಗೆ ನಿನ್ನೆ ಮೊನ್ನೆಯಂತಿದೆ.

ಆ ದಿನದ ಮಾತಿಗೆ ಬರುತ್ತೇನೆ. ನಿನಗೆ ಇಷ್ಟವಿಲ್ಲ, ಗೊತ್ತು. ನೀನು ಬಂದದ್ದು ಟ್ಯೂಷನ್ನಿನ ನಡುವೆ, ನಾಯಿಯ ವಾರದಲ್ಲೇ. ನಾಯಿ ಪಳಗಿಸುವ ಕೇಂದ್ರದಲ್ಲಿ ಕೆಲಸ ಸಿಕ್ಕ ಖುಷಿಗೆ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಹೇಳಿಬಿಟ್ಟೆ. ಅವರು ನಿನ್ನನ್ನು ಇಂಗ್ಲಿಷಿನಲ್ಲಿ ಎಂ.ಎ. ಮಾಡಿಸಿದ್ದು ತಮ್ಮ ಕುರ್ಚಿಯಲ್ಲಿ ಕೂರಿಸಬೇಕೆಂದು. ‘ಇಷ್ಟು ಇಂಗ್ಲಿಷ್ ಕಲಿಸಿದ್ದು ನಾಯಿಗಳ ಹತ್ರ ಸಿಟ್, ಸ್ಟೇ ಅನ್ನೋಕಾ?’ ಎಂದರು. ಅಷ್ಟಕ್ಕೇ ನಿಂತಿದ್ದರೆ ಅಪ್ಪ ಮಗಳ ಜಗಳ, ಉಂಡು ಮಲಗುವ ತನಕ ಎಂದು ನಾನೂ ಸುಮ್ಮನಿರುತ್ತಿದ್ದೆ. ಅವರು ಮಕ್ಕಳ ಕಡೆ ತಿರುಗಿ, ‘ಮೈ ಡಾಟರ್ ಹ್ಯಾಸ್ ಗಾನ್ ಟು ದ…’ ಎಂದರು. ಎಂದವರ ಬೆರಳು ಮೇಲೆದ್ದಿತು. ಮಕ್ಕಳು ಏನು ಕಂಡವು? ಬೆರಳು ಎದ್ದರೆ ಕೂಗಬೇಕು, ಅಷ್ಟೇ ಅವಕ್ಕೆ ಗೊತ್ತು. ‘ಡಾಗ್ಸ್!’ ಎಂದು ಇಡೀ ಬೆಂಚು ಕೂಗಿತು. ಕೆಲವರು ನಕ್ಕರು. ನೀನು ಚೀಲ ಹಿಡಿದು ಮೆಟ್ಟಿಲು ಇಳಿದೆ.

ನೀನು ಅವರ ಮುಖ ನೋಡಲಿಲ್ಲ. ಹಲಗೆಯ ಸಂದಿಯಿಂದ ನಾನು ನೋಡಿದೆ. ಮಕ್ಕಳು ಕೂಗಿ ಆಗಿತ್ತು, ಬೆರಳು ಮಾತ್ರ ಹಾಗೇ ಇತ್ತು. ಅದನ್ನು ಎಲ್ಲಿ ಇಡುವುದೆಂದು ತಿಳಿಯದವರಂತೆ ತಮ್ಮ ಬೆರಳನ್ನು ತಾವೇ ನೋಡಿಕೊಂಡರು. ಆ ಮಾತಿನ ಅರ್ಥ ನನಗೆ ಆಗ ಗೊತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಕೆಟ್ಟು ಹಾಳಾಗಿ ಹೋಯಿತು ಅಂತ ಅರ್ಥ ಎಂದರು. ತಟ್ಟೆ ದೂರ ತಳ್ಳಿ, ‘ಹೇಳಬಾರದ್ದು ಹೇಳ್ದೆ ಕಣೇ’ ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನು ಗಾದೆ ಹೇಳಿದೆ, ಅದಕ್ಕೂ ತಲೆಯಾಡಿಸಿದರು. ಮರುವರ್ಷ ಏನಾಯಿತು ಗೊತ್ತೇ? ಬೆಕ್ಕಿನ ವಾರ ಮುಗಿಯಿತು, ನಾನು ಈಚೆ ದಾರ ಪೋಣಿಸುತ್ತ ನಾಯಿಗಾಗಿ ಕಾದೆ. ಅವರು ನೇರವಾಗಿ ಕುದುರೆಗೆ ಹಾರಿದರು. ಮಕ್ಕಳು ‘ಸಾರ್, ನಾಯಿ? ನಾಯಿ?’ ಎಂದು ಪೀಡಿಸಿದವು. ಸಿಲೆಬಸ್ಸಿನಲ್ಲಿ ಇಲ್ಲ ಎಂದುಬಿಟ್ಟರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ನಾಯಿಯ ವಾರ ಬರಲೇ ಇಲ್ಲ.

ಇದನ್ನು ನಿನಗೆ ಹೇಳಲು ಎಷ್ಟು ಸಲ ಬಾಯಿ ತೆರೆದೆ. ‘ಹೇಳೋದಿದ್ರೆ ಅವರೇ ಹೇಳ್ಲಿ’ ಎಂದುಬಿಟ್ಟೆ ನೀನು. ನೀನು ಹೇಳಿದ್ದರಲ್ಲಿ ತಪ್ಪಿಲ್ಲ. ಅವರೂ ಹೇಳುತ್ತಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ. ಫೋನಿನ ಹತ್ತಿರ ಹೋಗುವುದು, ಕನ್ನಡಕ ಒರೆಸುವುದು, ವಾಪಸು ಬರುವುದು. ಮೇಷ್ಟರ ಜಂಬ ಇಳಿಯಲು ಹೊತ್ತು ಬೇಕಲ್ಲ. ಅಷ್ಟರಲ್ಲಿ ಆ ಬೆಳಿಗ್ಗೆ ಬಚ್ಚಲಿನಲ್ಲಿ ಬಿದ್ದರು. ಎದ್ದಾಗ ಬಲಭಾಗವೂ ಇಲ್ಲ, ಮಾತೂ ಇಲ್ಲ.

ಆಸ್ಪತ್ರೆಗೆ ನೀನು ರಾತ್ರಿ ಬಸ್ಸಿನಲ್ಲಿ ಓಡಿಬಂದೆ, ಫೇಲನ್ನೂ ಕಟ್ಟಿಕೊಂಡು. ಮಂಚದ ಪಕ್ಕ ನಿಂತು ‘ಅಪ್ಪಾ’ ಎಂದೆ. ಅವರು ನಿನ್ನನ್ನು ನೋಡಿದರು, ತುಟಿ ಅಲ್ಲಾಡಿತು, ಇನ್ನೊಮ್ಮೆ ಅಲ್ಲಾಡಿತು, ಆಮೇಲೆ ಗೋಡೆಯ ಕಡೆ ಹೊರಳಿದರು. ನೀನಿದ್ದಷ್ಟು ದಿನವೂ ಹಾಗೇ, ನೀನು ಬಂದರೆ ಗೋಡೆ. ‘ಮಾತು ಹೋದ್ರೂ ಸಿಟ್ಟು ಹೋಗಿಲ್ಲ ನೋಡಮ್ಮ’ ಎಂದು ಹೇಳಿ, ನಾಯಿಯನ್ನು ನನಗೆ ಒಪ್ಪಿಸಿ ಹೊರಟೆ. ನನಗೂ ಆಗ ಹಾಗೇ ಅನಿಸಿತ್ತು.

ಮನೆಗೆ ಬಂದ ಮೇಲೆ ಮಾತು ಕಲಿಸುವ ಡಾಕ್ಟರಮ್ಮ ವಾರಕ್ಕೆರಡು ಸಲ ಬರತೊಡಗಿದರು. ನಿನ್ನ ವಯಸ್ಸಿನವರೇ, ತಾಳ್ಮೆಯ ಹುಡುಗಿ. ಚಿತ್ರದ ಕಾರ್ಡು ತರುತ್ತಾರೆ. ಲೋಟ, ಬೀಗದಕೈ, ಕುರ್ಚಿ, ನಾಯಿ. ಇದೇನು ಹೇಳಿ ಮೇಷ್ಟ್ರೇ ಎನ್ನುತ್ತಾರೆ. ಎಲ್ಲಕ್ಕೂ ‘ಅದು… ಅದು…’ ಅಷ್ಟೆ. ನಾಯಿಯ ಕಾರ್ಡು ಹಿಡಿದಾಗ ಫೇಲು ಮಂಚದ ಕೆಳಗೇ ಗೊರಕೆ ಹೊಡೆಯುತ್ತಿತ್ತು. ನಿಮ್ಮಪ್ಪ ಕಾರ್ಡು ನೋಡಿದರು, ಬಗ್ಗಿ ಅದನ್ನು ನೋಡಿದರು, ಮತ್ತೆ ಕಾರ್ಡು ನೋಡಿದರು. ಗೊತ್ತಿದೆ ಎಂದು ಕಣ್ಣು ಹೇಳುತ್ತಿತ್ತು. ಹೆಸರು ಬರಲಿಲ್ಲ, ಕನ್ನಡದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಕಣ್ಣಲ್ಲಿ ನೀರು ಬಂತು. ಅಷ್ಟು ವರ್ಷ ಊರ ಮಕ್ಕಳ ಬಾಯಿಗೆ ಪದ ಹಾಕಿದವರಿಗೆ ನಾಯಿ ಎನ್ನಲಾಗಲಿಲ್ಲ ನೋಡು. ಒಳಗೆ ಹೋಗಿ ಸುಮ್ಮನೆ ಮೆಷಿನ್ನು ತುಳಿದೆ, ಬಟ್ಟೆಯೇ ಇಡದೆ.

ಡಾಕ್ಟರಮ್ಮ ಹೇಳಿದ್ದು ಹೀಗೆ. ಪದಗಳು ಸತ್ತಿಲ್ಲವಂತೆ, ಒಳಗೇ ಇವೆಯಂತೆ. ಹೊರಗೆ ಬರುವ ದೊಡ್ಡ ರಸ್ತೆ ಕುಸಿದಿದೆ. ಆದರೆ ಮತ್ತೆ ಮತ್ತೆ ಆಡಿ ಸವೆದ ಮಾತಿಗೆ ಹಿತ್ತಲಿನ ಕಾಲುದಾರಿಯೊಂದು ಇರುತ್ತದಂತೆ. ಕೆಲವರಿಗೆ ಹಾಡು ಬರುತ್ತದೆ, ಕೆಲವರಿಗೆ ಮಗ್ಗಿ. ಇವರು ದಿನಾ ಹೇಳುತ್ತಿದ್ದದ್ದು ಏನಾದರೂ ಇದೆಯೇ ಎಂದು ಕೇಳಿದರು. ಇವರು ಹಾಡಿದವರೇ ಅಲ್ಲ ಎಂದೆ ನಾನು. ‘ಹಾಡಿದ್ದೇ ಹಾಡೋ ಕಿಸಬಾಯಿದಾಸ’ ಎಂದು ಅವರ ಪಾಠವನ್ನು ಜೀವಮಾನವಿಡೀ ಛೇಡಿಸಿದವಳಿಗೆ ಆ ಹೊತ್ತಿಗೆ ಅದು ನೆನಪಾಗಲಿಲ್ಲ ನೋಡು.

ಅದು ಬಂದದ್ದು ತಾನಾಗಿ. ಒಂದು ಮಧ್ಯಾಹ್ನ ಆಕಾಶಕ್ಕೆ ತೂತು ಬಿದ್ದಂತೆ ಮಳೆ ಹೊಯ್ಯಿತು. ಒಣಹಾಕಿದ್ದ ಬಟ್ಟೆಯನ್ನೆಲ್ಲ ಹೆಗಲ ಮೇಲೆ ಹೊತ್ತು ಒಳಗೆ ಬಂದು ಕಿಟಕಿಯ ಹತ್ತಿರ ನಿಂತೆ. ಯಾರಿಗೂ ಅಲ್ಲ, ನನ್ನಷ್ಟಕ್ಕೆ, ಜೋರು ಮಳೆ ಬಂದಾಗಲೆಲ್ಲ ಹಲಗೆಯ ಆಚೆಯಿಂದ ಕೇಳಿಸುತ್ತಿದ್ದ ರಾಗದಲ್ಲೇ, ‘ರೈನಿಂಗ್ ಕ್ಯಾಟ್ಸ್ ಅಂಡ್…’ ಎಂದೆ. ಅವರ ಹಾಗೇ ಬೆರಳೂ ಎತ್ತಿದ್ದೆ ಎಂದು ಕಾಣುತ್ತದೆ. ಹಿಂದಿನಿಂದ ‘ಡಾಗ್ಸ್’ ಎಂದು ಕೇಳಿತು. ಸ್ಪಷ್ಟವಾಗಿ, ಅವರದೇ ದನಿ. ಫೇಲು ಎದ್ದು ಕೂತಿತು. ನನ್ನ ಹೆಗಲಿನ ಬಟ್ಟೆಯೆಲ್ಲ ನೆಲದ ಮೇಲೆ. ನಾನು ತಿರುಗಿ ನೋಡಿದರೆ ಅವರು ನನಗಿಂತ ಹೆಚ್ಚು ಬೆಚ್ಚಿದ್ದರು, ಬಾಯಿಯಿಂದ ಬಿದ್ದದ್ದು ಏನೆಂದು ಹುಡುಕುವವರ ಹಾಗೆ.

ಅಂದಿನಿಂದ ಸಂಜೆಯ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಟ್ಯೂಷನ್ ಮತ್ತೆ ಶುರುವಾಗಿದೆ. ಮೇಷ್ಟರು ನಾನು, ಫೇಲಾದ ಹುಡುಗ ಅವರು. ಕುರ್ಚಿ ಮಾತ್ರ ಅವರದೇ, ನಾನು ಮಕ್ಕಳ ಬೆಂಚಿನ ಮೇಲೆ ಕೂರುತ್ತೇನೆ. ಮುಕ್ಕಾಲು ಭಾಗ ನಾನು ಹೇಳಿ ಬೆರಳು ಎತ್ತಬೇಕು, ಕೊನೆಯ ಪದ ಅವರು ಹಾಕಬೇಕು. ಬೆರಳಿಲ್ಲದೆ ಹೇಳಿದರೆ ಬರುವುದಿಲ್ಲ, ಡಾಕ್ಟರಮ್ಮ ಪರೀಕ್ಷಿಸಿ ನೋಡಿದ್ದಾರೆ. ನಾಯಿಯದೇ ಮೊದಲು ಬರುವುದು, ಬಹುಶಃ ಮಕ್ಕಳು ಹೆಚ್ಚು ಕೂಗಿದ್ದು ಅದೇ ಎಂದಿರಬೇಕು. ‘ಎವ್ರಿ ಡಾಗ್ ಹ್ಯಾಸ್ ಹಿಸ್…’ ಎಂದರೆ ‘ಡೇ’. ‘ಲೆಟ್ ಸ್ಲೀಪಿಂಗ್ ಡಾಗ್ಸ್…’ ಎಂದರೆ ‘ಲೈ’. ನಾಯಿಗೂ ಒಂದು ಕಾಲ ಬರುತ್ತದೆ, ಮಲಗಿದ ನಾಯಿಯನ್ನು ಕೆಣಕಬೇಡ ಎಂದು ಒಂದೊಂದರ ಅರ್ಥವನ್ನೂ ಈಗ ಡಾಕ್ಟರಮ್ಮನಿಂದ ಕೇಳಿ ತಿಳಿದುಕೊಳ್ಳುತ್ತಿದ್ದೇನೆ, ಈ ವಯಸ್ಸಿನಲ್ಲಿ. ಮುದಿ ನಾಯಿಗೆ ಹೊಸ ಆಟ ಕಲಿಸಲಾಗದು ಎಂದೊಂದು ಇದೆಯಂತೆ, ಅದರ ಕೊನೆಯ ಪದ ಹಾಕುವಾಗ ನಿಮ್ಮಪ್ಪ ನನ್ನನ್ನೇ ನೋಡಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾನೂ ತಿರುಗಿಸಿ ಕೊಟ್ಟೆ. ಇನ್ನೊಂದು ದಿನ ಅರ್ಥ ತಿಳಿಯದೆ ‘ಕ್ಯಾಟ್ ಗಾಟ್ ಯುವರ್…’ ಎಂದುಬಿಟ್ಟೆ. ‘ಟಂಗ್’ ಎಂದರು, ಎಂದವರು ನಗಲು ಶುರುಮಾಡಿದರು. ಮುಖದ ಒಂದು ಭಾಗ ಮಾತ್ರ ನಗುತ್ತದೆ, ಇನ್ನೊಂದು ಸುಮ್ಮನೆ ಕೂತಿರುತ್ತದೆ. ಮಾತಾಡದೆ ಕೂತವರನ್ನು, ನಿನ್ನ ನಾಲಿಗೆಯನ್ನು ಬೆಕ್ಕು ಕಚ್ಚಿಕೊಂಡು ಹೋಯಿತೇ ಎಂದು ಕೇಳುವ ಮಾತಂತೆ ಅದು. ತಿಳಿದಾಗ ನನ್ನ ನಾಲಿಗೆಯನ್ನೇ ಬೆಕ್ಕು ಒಯ್ಯಬಾರದಿತ್ತೇ ಎನಿಸಿತು. ಅವರು ಮಾತ್ರ ಕಣ್ಣೀರು ಬರುವಷ್ಟು ನಕ್ಕರು.

‘ಎ ಡಾಗ್ಸ್ ಲೈಫ್’ ಎಂದರೆ ನಮ್ಮ ನಾಯಿಪಾಡೇ ಅಂತೆ. ಅದೊಂದರಲ್ಲಿ ಇಂಗ್ಲಿಷಿನವರ ಭಾಷೆಗೂ ನಮ್ಮ ಭಾಷೆಗೂ ಜಗಳವಿಲ್ಲ. ನಾನು ಮೆಷಿನ್ ತುಳಿಯುತ್ತ ಯೋಚಿಸಿದ್ದೇನೆ, ಎರಡು ಕಡೆಯವರೂ ಸೇರಿ ಕೆಟ್ಟದ್ದನ್ನೆಲ್ಲ ಆ ಬಡಪ್ರಾಣಿಯ ತಲೆಗೆ ಕಟ್ಟಿದ್ದಾರೆ. ಬದುಕು ಕೆಟ್ಟರೆ ನಾಯಿ, ಬುದ್ಧಿ ಬರದಿದ್ದರೆ ನಾಯಿಯ ಬಾಲ, ಕೆಲಸವನ್ನು ಇನ್ನೊಬ್ಬರಿಗೆ ದಾಟಿಸಿದರೂ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಇಲ್ಲಿ ನೋಡಿದರೆ ನಮ್ಮ ಫೇಲು ಅವರ ಎಡಗಡೆಗೆ ಬಂದು ನಿಲ್ಲುತ್ತದೆ. ಕಣ್ಣು ಕಾಣದವರ ಎಡಕ್ಕೇ ನಿಲ್ಲಬೇಕೆಂದು ನೀವು ಕಲಿಸಿದ್ದಂತೆ, ಇವರಿಗೆ ಇರುವುದೂ ಎಡಗೈ ಒಂದೇ. ಬೆಲ್ಟು ಹಿಡಿದುಕೊಂಡರೆ ಅವರ ಹೆಜ್ಜೆಗೆ ಹೆಜ್ಜೆ ಹಾಕಿ ರಸ್ತೆಯ ತಿರುವಿನವರೆಗೆ ಕರೆದುಕೊಂಡು ಹೋಗುತ್ತದೆ. ಮೆಟ್ಟಿಲು ಬಂದರೆ ನಿಂತು ಕಾಯುತ್ತದೆ. ದಾರಿಯಲ್ಲಿ ಪಾರಿವಾಳ ಬರದಿದ್ದರೆ ಸಾಕು. ಅದಕ್ಕೇ ನಾನು ಪೊರಕೆ ಹಿಡಿದು ಮುಂದೆ ಮುಂದೆ ನಡೆಯುತ್ತೇನೆ, ರಸ್ತೆಯವರೆಲ್ಲ ನಮ್ಮ ಮೆರವಣಿಗೆ ನೋಡುತ್ತಾರೆ.

ಈಗ ಮುಖ್ಯವಾದದ್ದು. ಆ ಒಂದು ವಾಕ್ಯವನ್ನು ನಾನು ಹೇಳಿರಲಿಲ್ಲ. ನಾಲಿಗೆಯ ಮೇಲೆ ಬಂದರೂ ನುಂಗುತ್ತಿದ್ದೆ. ಡಾಕ್ಟರಮ್ಮನಿಗೆ ಏನು ಗೊತ್ತು ಪಾಪ. ಕಳೆದ ಮಂಗಳವಾರ ತಮಗೆ ನೆನಪಿದ್ದ ನಾಯಿಯ ಮಾತುಗಳನ್ನೆಲ್ಲ ಒಂದೊಂದಾಗಿ ಹೇಳುತ್ತ, ಬೆರಳು ಎತ್ತಿ, ‘ಗಾನ್ ಟು ದ…’ ಎಂದರು. ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ನಿಮ್ಮಪ್ಪ ತುಟಿ ಬಿಗಿದರು. ಡಾಕ್ಟರಮ್ಮ ಮತ್ತೆ ಹೇಳಿದರು, ಬೆರಳು ಮತ್ತೆ ಎತ್ತಿದರು. ಸುಲಭವಾದ ಪದ, ಆ ಸಂಜೆಯೇ ಬೇರೆ ವಾಕ್ಯಗಳಲ್ಲಿ ಎಷ್ಟೋ ಸಲ ಹೇಳಿದ್ದರು. ಹೇಳಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿದರು, ಆಸ್ಪತ್ರೆಯಲ್ಲಿ ನಿನ್ನನ್ನು ಕಂಡಾಗ ತಿರುಗಿಸಿದ ಹಾಗೇ, ಅದೇ ಕತ್ತು, ಅದೇ ಬಿಗಿದ ದವಡೆ. ಹಾಗೆ ತಿರುಗಿಕೊಂಡೇ ಎಡಗೈ ಕೆಳಗೆ ಬಿಟ್ಟು ಹುಡುಕಿದರು. ಫೇಲು ತಲೆಯನ್ನು ಆ ಕೈಯ ಕೆಳಗೆ ತಂದಿಟ್ಟಿತು. ಆವರೆಗೆ ಬೆಲ್ಟು ಹಿಡಿದಿದ್ದರೇ ಹೊರತು ಅದರ ಮೈ ಮುಟ್ಟಿದವರಲ್ಲ.

ನಾನು ಡಾಕ್ಟರಮ್ಮನನ್ನು ಅಡಿಗೆಮನೆಗೆ ಕರೆದು ಎಲ್ಲ ಹೇಳಿದೆ. ಆಸ್ಪತ್ರೆಯ ಗೋಡೆಯದನ್ನೂ ಹೇಳಿದೆ. ಅವರು ನಿನ್ನ ಫೋಟೋ ಕೇಳಿ ತೆಗೆದುಕೊಂಡು ಹೋಗಿ ಇವರಿಗೆ ತೋರಿಸಿದರು, ಇದು ಯಾರು ಹೇಳಿ ಎಂದು. ಬಹಳ ಹೊತ್ತು ನೋಡಿದರು. ತುಟಿ ಅಲ್ಲಾಡಿತು. ಹೆಸರು ಬರಲಿಲ್ಲ. ಮತ್ತೆ ಗೋಡೆ. ಆದರೆ ಈ ಸಲ ಫೋಟೋವನ್ನು ಕೈಯಿಂದ ಬಿಡಲಿಲ್ಲ. ಡಾಕ್ಟರಮ್ಮ ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ‘ಅಮ್ಮಾ, ಅದು ಸಿಟ್ಟಲ್ಲ, ನಾಚಿಕೆ. ಮಗಳ ಹೆಸರೇ ಬರ್ಲಿಲ್ಲ ಅಂದ್ರೆ ಯಾವ ಮುಖ ಇಟ್ಕೊಂಡು ನೋಡ್ತಾರೆ ಹೇಳಿ’ ಎಂದರು. ಬಾಯಿಪಾಠದ ಮಾತು ಕೈ ಹಿಡಿಯುವ ಕಂಬಿ ಇದ್ದ ಹಾಗೆ, ಮೆಟ್ಟಿಲು ಅವರೇ ಹತ್ತಬೇಕು, ಹತ್ತಬೇಕೆನಿಸಲು ಮೇಲೆ ಯಾರಾದರೂ ಕಾಯುತ್ತಿರಬೇಕು ಎಂದೂ ಹೇಳಿದರು. ಮೊದಲ ವರ್ಷದಲ್ಲಿ ಬಂದಷ್ಟು ಮಾತು ಆಮೇಲೆ ಬರುವುದು ನಿಧಾನವಂತೆ. ವರ್ಷ ಮುಗಿಯುತ್ತ ಬಂತು ಮಗಳೇ.

ಅವರ ಪರವಾಗಿ ನಾನು ಕ್ಷಮೆ ಕೇಳುವುದಿಲ್ಲ. ಅವರೇ ಹೇಳಲಿ ಎಂದೆಯಲ್ಲ, ಅದು ನ್ಯಾಯ. ಆದರೆ ಊರಿನ ಮಕ್ಕಳಿಗೆಲ್ಲ ಹೇಳಿಕೊಟ್ಟ ಮಾತನ್ನು ಅವರು ಮೊನ್ನೆ ಬೇಕೆಂದೇ ಹೇಳದೆ ಉಳಿಸಿದರು. ಇದ್ದಬದ್ದ ಮಾತು ಒಂದು ಹಿಡಿಯಷ್ಟು, ಅದರಲ್ಲೂ ಒಂದನ್ನು ಬೇಡ ಎಂದು ಆಚೆ ಇಟ್ಟರು. ಅವರ ಈಗಿನ ಸ್ಥಿತಿಯಲ್ಲಿ ಅದಕ್ಕಿಂತ ದೊಡ್ಡದಾಗಿ ಏನು ಹೇಳಬಲ್ಲರೋ ನನಗೆ ತಿಳಿಯದು. ನಿನಗೆ ಸಾಕಾಗುತ್ತದೆಯೋ ಇಲ್ಲವೋ ನೀನೇ ನೋಡು. ನನಗೆ ನಿನ್ನ ಮೇಲೆ ಒತ್ತಾಯ ಹೇರಲು ಇಷ್ಟವಿಲ್ಲ, ಆದರೆ ನೀನು ಬಂದರೆ ಸಂತೋಷವಾಗುತ್ತದೆ ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ.

ಕಾಲುಚೀಲ ಹಾಕಿಕೋ. ಕೆಮ್ಮು ವಾಸಿಯಾಗದಿದ್ದರೆ ಔಷಧಿ ತೆಗೆದುಕೋ, ನಿಮ್ಮ ನಾಯಿಗಳ ಡಾಕ್ಟರ ಹತ್ತಿರ ಅಲ್ಲ, ಮನುಷ್ಯರ ಡಾಕ್ಟರ ಹತ್ತಿರ ಹೋಗು. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನೆನಪು ಹೇಳು. ನೂರು ಕಾಲ ಚೆನ್ನಾಗಿರು, ನೀನು ನಡೆಸುವ ನಾಯಿಗಳೂ ಅವು ನಡೆಸುವ ಜನರೂ ಎಡವದಿರಲಿ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಈಗ ಆದದ್ದು. ಕಾಗದ ಮಡಚುತ್ತಿದ್ದೆ. ಫೇಲು ಅವರನ್ನು ಹಲಗೆಯ ಈಚೆ ಕರೆದುಕೊಂಡು ಬಂತು, ನಾನು ಕೆಲಸ ಮಾಡುವಾಗ ಅವರು ಈ ಕೋಣೆಗೆ ಎಂದೂ ಬಂದವರಲ್ಲ. ಕಾಗದ ನೋಡಿದರು. ಮಗಳಿಗೆ ಬರೀತಿದ್ದೀನಿ ಎಂದೆ. ಬೆಲ್ಟು ಬಿಟ್ಟು ಬಾಗಿಲಿಗೆ ಒರಗಿ ಎಡಗೈಯ ಬೆರಳು ಮೇಲೆತ್ತಿದರು. ‘ಮಗಳು… ಮನೆಗೆ…’ ಎಂದರು. ಕನ್ನಡದಲ್ಲಿ. ಅವರ ಯಾವ ಪಾಠದಲ್ಲೂ ಇಲ್ಲದ್ದು, ನಾನು ಹೇಳಿಕೊಡದೆ ಬಂದದ್ದು. ಅಲ್ಲಿಗೆ ನಿಂತು ನನ್ನನ್ನು ನೋಡಿದರು. ಮುಂದಿನ ಪದ ಸಿಗಲಿಲ್ಲ, ಅದಕ್ಕೆ ನಿಂತರು ಎಂದು ಡಾಕ್ಟರಮ್ಮ ಹೇಳಬಹುದು. ಇರಬಹುದು. ಆದರೆ ಬೆರಳು ಎತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಪದ ನನ್ನ ಬಾಯಲ್ಲೇ ಇತ್ತು. ಹೇಳಲಿಲ್ಲ, ಅದು ನಾನು ಹೇಳುವ ಪದವಲ್ಲ. ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಲು ಮೂವರೂ ಹೋಗೋಣ ಎಂದಿದ್ದೇನೆ. ನಾನು ಇದನ್ನು ಬರೆದು ಮುಗಿಸಲೆಂದು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದಾರೆ. ಬೆರಳು ಇನ್ನೂ ಇಳಿಸಿಲ್ಲ.